ಸುಟ್ಟ ಚರ್ಮಕ್ಕೆ ಹೊಸ ಚರ್ಮ



ಒಲೆ ಹಚ್ಚುವವರು ನಾವು. ರೊಟ್ಟಿ ಬಡಿಯುವವರು ನಾವು. ಕುದಿಯುವ ಬೇಳೆಯ ಗಡಿಗೆ ಇಳಿಸುವವರೂ ನಾವೇ. ಆದ್ದರಿಂದ ಮನೆಯಲ್ಲಿ ಮೈ ಸುಟ್ಟುಕೊಳ್ಳುವವರೂ ಹೆಚ್ಚಾಗಿ ನಾವೇ. ಒಲೆಯ ಬಳಿ ಆಡುವ ನಮ್ಮ ಮಕ್ಕಳಿಗೂ ಈ ಅಪಾಯ ತಪ್ಪಿದ್ದಲ್ಲ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ. ನಮ್ಮ ಯಾವ ಊರಿಗೆ ಹೋದರೂ ಇಂಥ ಒಬ್ಬ ಅಕ್ಕ ಇರಬಹುದು. ಎಂದೋ ಸೆರಗಿಗೆ ಬೆಂಕಿ ತಗುಲಿತ್ತು. ಜೀವ ಉಳಿಯಿತು. ಗಾಯವೂ ಮಾಯಿತು. ಆದರೆ ಬೆರಳು ಮಡಚಿ ಅಂಗೈಗೆ ಅಂಟಿಕೊಂಡವು. ಕುತ್ತಿಗೆ ಎತ್ತಲು ಬರುವುದಿಲ್ಲ. ಮದುವೆ ಮುಂಜಿಗೆ ಆಕೆ ಬರುವುದಿಲ್ಲ. ಕೇಳಿದರೆ, "ನನ್ನ ಹಣೇಬರಾ ತಂಗಿ, ಏನ್ ಮಾಡೋದು?" ಅನ್ನುತ್ತಾಳೆ.

ಇದು ಹಣೆಬರಹ ಅಲ್ಲ. ಅಂಟಿದ ಬೆರಳು ಬಿಡಿಸಬಹುದು. ಬಿಗಿದ ಕುತ್ತಿಗೆ ಸಡಿಲ ಮಾಡಬಹುದು. ಅದು ಹೇಗೆ? ಯಾವ ಮದ್ದು ಒಳ್ಳೆಯದು ಎಂದು ವೈದ್ಯರಿಗೆ ಹೇಗೆ ಗೊತ್ತಾಗುತ್ತದೆ? ಈ ಪಾಠದಲ್ಲಿ ತಿಳಿಯೋಣ.

ಚರ್ಮ ಏನು ಮಾಡುತ್ತದೆ?

ಚರ್ಮ ನಮ್ಮ ಮೈಗೆ ಗೋಡೆ ಇದ್ದಂತೆ. ಅದು ಒಳಗಿನ ನೀರನ್ನು ಹೊರಗೆ ಬಿಡುವುದಿಲ್ಲ. ಹೊರಗಿನ ರೋಗಾಣುಗಳನ್ನು ಒಳಗೆ ಬಿಡುವುದಿಲ್ಲ. ಚರ್ಮ ಸುಟ್ಟರೆ ಗೋಡೆ ಬಿದ್ದಂತೆ. ಮೈಯ ನೀರು ಸೋರುತ್ತದೆ. ರೋಗಾಣು ಒಳಗೆ ಬರುತ್ತವೆ. ಮೈ ತುಂಬಾ ಸುಟ್ಟವರು ಸಾಯುವುದು ಹೆಚ್ಚಾಗಿ ಇದರಿಂದಲೇ.

ಸುಟ್ಟ ಗಾಯ ಮೂರು ಬಗೆ.

ಒಂದು: ಮೇಲಿನ ಪದರ ಮಾತ್ರ ಸುಡುತ್ತದೆ. ಚರ್ಮ ಕೆಂಪಾಗುತ್ತದೆ, ಉರಿಯುತ್ತದೆ. ಕೆಲವು ದಿನಗಳಲ್ಲಿ ತಾನೇ ವಾಸಿಯಾಗುತ್ತದೆ.

ಎರಡು: ಕೆಳಗಿನ ಪದರದ ಸ್ವಲ್ಪ ಭಾಗವೂ ಸುಡುತ್ತದೆ. ಗುಳ್ಳೆ ಏಳುತ್ತದೆ. ಬಹಳ ನೋವು. ಆದರೆ ಚರ್ಮದ ಬೇರು ಉಳಿದಿರುತ್ತದೆ. ಅದರಿಂದ ಹೊಸ ಚರ್ಮ ಬೆಳೆಯುತ್ತದೆ.

ಮೂರು: ಚರ್ಮ ಪೂರ್ತಿ ಸುಡುತ್ತದೆ. ಜಾಗ ಬೆಳ್ಳಗೆ ಇಲ್ಲವೆ ಕರ್ರಗೆ ಆಗುತ್ತದೆ. ಒಣ ತೊಗಲಿನಂತೆ ಗಟ್ಟಿಯಾಗುತ್ತದೆ. ಮುಟ್ಟಿದರೆ ನೋವೇ ಇರುವುದಿಲ್ಲ.

ನೋವಿಲ್ಲ ಎಂದು ಸಮಾಧಾನ ಪಡಬಾರದು. ನೋವು ತಿಳಿಸುವ ನರವೂ ಸುಟ್ಟಿರುತ್ತದೆ. ಅದಕ್ಕೇ ನೋವಿಲ್ಲ. ಈ ಗಾಯವೇ ಎಲ್ಲಕ್ಕಿಂತ ಕೆಟ್ಟದ್ದು.

ಸುಟ್ಟ ಕೂಡಲೇ ಏನು ಮಾಡಬೇಕು?

ಅಕ್ಕ: ಸುಟ್ಟ ಕೂಡ್ಲೆ ಏನ್ ಹಚ್ಚಬೇಕ್ರಿ ಟೀಚರ್? ನಮ್ಮನ್ಯಾಗ ಹಲ್ಲಿನ ಪೇಸ್ಟ್ ಹಚ್ತಾರ.

ಟೀಚರ್: ಪೇಸ್ಟ್ ಬ್ಯಾಡ್ರಿ. ಶಾಯಿ, ಸುಣ್ಣ, ಸಗಣಿ, ಎಣ್ಣೆ ಏನೂ ಬ್ಯಾಡ. ನೀರು ಹಾಕ್ರಿ. 20 ನಿಮಿಷ ಹಾಕ್ರಿ.

ಅವ್ವ: ನೀರು ಹಾಕಿದ್ರ ಗುಳ್ಳಿ ಏಳ್ತಾವಂತಲ್ಲವಾ?

ಟೀಚರ್: ಗುಳ್ಳಿ ಏಳೋದು ಸುಟ್ಟಿದ್ದಕ್ಕವ್ವ, ನೀರಿಗಲ್ಲ. ಒಲಿಯಿಂದ ಹಂಚು ಇಳಿಸಿದ ಮ್ಯಾಲೂ ರೊಟ್ಟಿ ಬೇಯ್ತದಲ್ಲ? ಹಂಗ ಬೆಂಕಿ ಆರಿದ ಮ್ಯಾಲೂ ಚರ್ಮದ ಒಳಗ ಕಾವು ಇರ್ತದ. ಅದು ಒಳಗಿನ ಪದರ ಸುಡ್ತಾನೇ ಇರ್ತದ. ನೀರು ಆ ಕಾವು ತೆಗಿತದ.

ಅಕ್ಕ: ಬ್ಯಾಸಿಗ್ಯಾಗ ನಮ್ಮೂರಾಗ ನಳದಾಗ ನೀರೇ ಬರಂಗಿಲ್ಲಲ್ರಿ?

ಟೀಚರ್: ತಂಬಿಗಿಲೆ ಸಣ್ಣಗ ಸುರೀರಿ. ಬಿಸಿಲಾಗಿನ ಡ್ರಮ್ಮಿನ ನೀರು ಬ್ಯಾಡ, ಅದು ಕಾದಿರ್ತದ. ನೆರಳಾಗಿನ ಕೊಡದ ನೀರು ತಗೊಳ್ರಿ. ನೀರು ಬಹಳ ಕಡಿಮಿ ಇದ್ರ ಸ್ವಚ್ಛ ಬಟ್ಟಿ ತೋಯಿಸಿ ಇಡ್ರಿ. ಘಳಿಗಿ ಘಳಿಗಿಗೆ ಬಟ್ಟಿ ಬದಲಿ ಮಾಡ್ರಿ. ಬರ್ಫ ಮಾತ್ರ ಇಡಬ್ಯಾಡ್ರಿ.

ಈ ಮಾತು ಯಾರೋ ಊಹೆ ಮಾಡಿ ಹೇಳಿದ್ದಲ್ಲ. ಆಸ್ಟ್ರೇಲಿಯಾ ದೇಶದ ವೈದ್ಯರು ಸುಟ್ಟ ಗಾಯದ 2,495 ಮಕ್ಕಳ ದಾಖಲೆ ನೋಡಿದರು. 2020ರಲ್ಲಿ ಫಲ ಪ್ರಕಟಿಸಿದರು. ಕೆಲವು ಮಕ್ಕಳಿಗೆ 20 ನಿಮಿಷ ಅಥವಾ ಹೆಚ್ಚು ಹೊತ್ತು ತಣ್ಣೀರು ಹಾಕಿದ್ದರು. ಆ ಮಕ್ಕಳಲ್ಲಿ ಚರ್ಮದ ಆಪರೇಷನ್ ಬೇಕಾದವರು ಬಹಳ ಕಡಿಮೆ. ಸುಟ್ಟು ಮೂರು ತಾಸಿನ ಒಳಗೆ ನೀರು ಹಾಕಿದರೂ ಲಾಭ ಇದೆ.

ಇನ್ನೊಂದು ಮಾತು ಗಮನಿಸಿ. ಕೈ ಸುಟ್ಟರೆ ಕೂಡಲೇ ಬಳೆ, ಉಂಗುರ ತೆಗೆಯಬೇಕು. ಕಾಲು ಸುಟ್ಟರೆ ಕಾಲುಂಗುರ ತೆಗೆಯಬೇಕು. ಇದು ಅಪಶಕುನ ಅಲ್ಲ. ಸ್ವಲ್ಪ ಹೊತ್ತಿಗೆ ಬಾವು ಬರುತ್ತದೆ. ಆಗ ಬಳೆ ಕೈಯನ್ನು ಬಿಗಿಯುತ್ತದೆ. ರಕ್ತ ಓಡುವುದಿಲ್ಲ. ಬೆರಳೇ ಹೋಗಬಹುದು. ಬಳೆ ಮತ್ತೆ ತರಬಹುದು. ಬೆರಳು ತರಲು ಬರುವುದಿಲ್ಲ.

ಸೀರೆಗೆ ಬೆಂಕಿ ಹತ್ತಿದರೆ ಓಡಬಾರದು. ಗಾಳಿಗೆ ಬೆಂಕಿ ಹೆಚ್ಚುತ್ತದೆ. ನೆಲಕ್ಕೆ ಮಲಗಿ ಉರುಳಬೇಕು. ನೋಡಿದವರು ನೀರು ಸುರಿಯಬೇಕು, ಇಲ್ಲವೆ ದಪ್ಪ ಕಂಬಳಿ ಮುಚ್ಚಬೇಕು. ಬೆಂಕಿ ಆರಿದ ಮೇಲೆ ಕಂಬಳಿ ತೆಗೆದು ನೀರು ಹಾಕಬೇಕು. ಮೈ ಬಹಳ ಸುಟ್ಟಿದ್ದರೆ ಹೆಚ್ಚು ಹೊತ್ತು ತೋಯಿಸಬಾರದು. ಮೈ ತಣ್ಣಗಾಗಿ ಅಪಾಯ ಆಗುತ್ತದೆ. ತೊಳೆದ ಹತ್ತಿ ಬಟ್ಟೆ ಹೊದಿಸಿ 108ಕ್ಕೆ ಫೋನ್ ಮಾಡಬೇಕು.

ಗಾಯ ಅಂಗೈಗಿಂತ ದೊಡ್ಡದಿದ್ದರೆ ಆಸ್ಪತ್ರೆಗೆ ಹೋಗಬೇಕು. ಮುಖ, ಕೈ, ಪಾದ, ಕೀಲು, ಗುಪ್ತಾಂಗ ಸುಟ್ಟರೆ ಗಾಯ ಚಿಕ್ಕದಿದ್ದರೂ ಹೋಗಬೇಕು. ಕರೆಂಟು, ಆಸಿಡ್ ತಗುಲಿದರೂ ಹಾಗೆಯೇ. ಮಕ್ಕಳು ಮತ್ತು ಮುದುಕರ ವಿಷಯದಲ್ಲಿ ತಡ ಮಾಡಬಾರದು.

ಸೊಲ್ಲಾಪುರದ ಜೇನು ಪರೀಕ್ಷೆ

ವಾಡಿಯಲ್ಲಿ ರೈಲು ಹತ್ತಿದರೆ ಕಲಬುರಗಿ ದಾಟಿ ಸೊಲ್ಲಾಪುರ ಸಿಗುತ್ತದೆ. ಅದು ಮಹಾರಾಷ್ಟ್ರದಲ್ಲಿದೆ. ಆದರೆ ಅಲ್ಲಿ ಕನ್ನಡ ಮಾತಾಡುವ ಜನ ಬಹಳ. ಅಲ್ಲಿಯ ಸರಕಾರಿ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ. ಸುಬ್ರಹ್ಮಣ್ಯಂ ಎಂಬ ಶಸ್ತ್ರವೈದ್ಯರು ಇದ್ದರು.

ಗಾಯಕ್ಕೆ ಜೇನು ಹಚ್ಚುವುದು ಹಳೆಯ ಪದ್ಧತಿ. ಅಜ್ಜಿ ಹೇಳಿದ್ದು ನಿಜವೋ ಸುಳ್ಳೋ? ವೈದ್ಯರು ಪರೀಕ್ಷೆ ಮಾಡಿ ನೋಡಿದರು.

ಪರೀಕ್ಷೆ ಹೇಗೆ? ನಮ್ಮ ತೊಗರಿ ಹೊಲ ನೆನೆಯಿರಿ. ಹೊಸ ಗೊಬ್ಬರ ಒಳ್ಳೆಯದೋ ಹಳೆಯದು ಒಳ್ಳೆಯದೋ ತಿಳಿಯಬೇಕು. ಒಂದೇ ಹೊಲದಲ್ಲಿ ಎರಡು ಪಟ್ಟಿ ಮಾಡುತ್ತೇವೆ. ಮಣ್ಣು ಒಂದೇ, ಮಳೆ ಒಂದೇ, ಬೀಜ ಒಂದೇ. ಗೊಬ್ಬರ ಮಾತ್ರ ಬೇರೆ. ರಾಶಿ ಮಾಡಿದಾಗ ಯಾವ ಪಟ್ಟಿಯಲ್ಲಿ ಹೆಚ್ಚು ಬೆಳೆ ಬಂತು ಎಂದು ಅಳೆಯುತ್ತೇವೆ. ವೈದ್ಯರ ಪರೀಕ್ಷೆಯೂ ಹೀಗೆಯೇ.

ಮೇಲಿನ ಪದರ ಸುಟ್ಟ 104 ಜನರನ್ನು ಅವರು ಆರಿಸಿಕೊಂಡರು. 52 ಜನರಿಗೆ ಜೇನಿನ ಪಟ್ಟಿ ಕಟ್ಟಿದರು. ಉಳಿದ 52 ಜನರಿಗೆ ಬೆಳ್ಳಿಯ ಅಂಶ ಇರುವ ಬಿಳಿ ಮುಲಾಮಿನ ಪಟ್ಟಿ ಕಟ್ಟಿದರು. ಆ ಮುಲಾಮು ಎಲ್ಲ ಆಸ್ಪತ್ರೆಗಳಲ್ಲೂ ಬಳಕೆಯಲ್ಲಿತ್ತು. 15 ದಿನ ಆದ ಮೇಲೆ ಲೆಕ್ಕ ಹಾಕಿದರು. ಜೇನು ಹಚ್ಚಿದ ಗಾಯಗಳಲ್ಲಿ ನೂರಕ್ಕೆ 87 ವಾಸಿಯಾಗಿದ್ದವು. ಮುಲಾಮು ಹಚ್ಚಿದ ಗಾಯಗಳಲ್ಲಿ ನೂರಕ್ಕೆ 10 ಮಾತ್ರ ವಾಸಿಯಾಗಿದ್ದವು. 1991ರಲ್ಲಿ ಇದು ಇಂಗ್ಲೆಂಡಿನ ವೈದ್ಯ ಪತ್ರಿಕೆಯಲ್ಲಿ ಅಚ್ಚಾಯಿತು.

ಮುಂಬೈಯಲ್ಲಿ ಬೇರೆ ವೈದ್ಯರು ಬೇರೆ ವಸ್ತು ನೋಡಿದರು. ಒಬ್ಬರು ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಿಂದ ಪಟ್ಟಿ ಮಾಡಿದರು. ಇನ್ನು ಕೆಲವರು ಬಾಳೆ ಎಲೆಯನ್ನು ಶುದ್ಧ ಮಾಡಿ ಪಟ್ಟಿಯಾಗಿ ಬಳಸಿದರು. ಬಾಳೆ ಎಲೆ ಗಾಯಕ್ಕೆ ಅಂಟುವುದಿಲ್ಲ. ಪಟ್ಟಿ ಬಿಚ್ಚುವಾಗ ರೋಗಿ ಕಿರುಚುವುದಿಲ್ಲ. ಬಡವರ ಆಸ್ಪತ್ರೆಗೆ ಇವು ಅಗ್ಗದ ದಾರಿಗಳು.

ಹಾಗಾದರೆ ನಾವೂ ಅಂಗಡಿಯ ಜೇನು ತಂದು ಹಚ್ಚೋಣವೇ? ಬೇಡ. ಆಸ್ಪತ್ರೆಯಲ್ಲಿ ಗಾಯ ತೊಳೆಯುತ್ತಾರೆ. ಎಷ್ಟು ಆಳ ಸುಟ್ಟಿದೆ ಎಂದು ನೋಡುತ್ತಾರೆ. ಶುದ್ಧ ಪಟ್ಟಿ ಬಳಸುತ್ತಾರೆ. ಮನೆಯಲ್ಲಿ ಇದು ಆಗುವುದಿಲ್ಲ. ಅಂಗಡಿಯ ಜೇನಿಗೆ ಬೆಲ್ಲದ ಪಾಕ ಬೆರೆಸಿರಬಹುದು. ಮೇಲಾಗಿ ಆ ಪರೀಕ್ಷೆ ಮೇಲು ಪದರದ ಗಾಯಕ್ಕೆ ಮಾತ್ರ. ಆಳದ ಗಾಯದ ಮಾತೇ ಬೇರೆ.

ಜೇನು ಸೋತ ಪರೀಕ್ಷೆ

ಆಳದ ಗಾಯಕ್ಕೆ ಏನು ಮಾಡಬೇಕು? ಬಹಳ ಕಾಲ ವೈದ್ಯರು ಕಾಯುತ್ತಿದ್ದರು. ಸತ್ತ ಚರ್ಮ ತಾನೇ ಕಳಚಿ ಬೀಳಲಿ ಎಂದು ವಾರಗಟ್ಟಲೆ ಪಟ್ಟಿ ಕಟ್ಟುತ್ತಿದ್ದರು. ಅಷ್ಟರಲ್ಲಿ ಗಾಯ ಕೀವು ಹಿಡಿಯುತ್ತಿತ್ತು.

ಯುರೋಪಿನ ಮಾರಿಬೋರ್ ಎಂಬ ಊರಿನಲ್ಲಿ ಒಬ್ಬ ಹೆಣ್ಣುಮಗಳು ಶಸ್ತ್ರವೈದ್ಯೆಯಾಗಿದ್ದರು. ಹೆಸರು ಜೋರಾ ಯಾನ್ಜೆಕೊವಿಚ್. ಆ ಊರು ಈಗ ಸ್ಲೊವೇನಿಯಾ ದೇಶದಲ್ಲಿದೆ. ಅವರು ಕಾಯಲಿಲ್ಲ. ಸುಟ್ಟ ಕೆಲವೇ ದಿನಗಳಲ್ಲಿ ಸತ್ತ ಪದರವನ್ನು ತೆಳುವಾಗಿ ಹೆರೆದು ತೆಗೆದರು. ಕೆಳಗೆ ರಕ್ತ ಜಿನುಗುವ ಜೀವಂತ ಪದರ ಕಂಡಿತು. ಅದರ ಮೇಲೆ ಕೂಡಲೇ ರೋಗಿಯದೇ ಚರ್ಮ ಹೊದಿಸಿದರು. 1970ರಲ್ಲಿ ಅವರು ಬರೆದ ಲೇಖನದಿಂದ ಈ ರೀತಿ ಲೋಕಕ್ಕೆ ತಿಳಿಯಿತು.

ಈಗ ನಮ್ಮ ಜೇನಿನ ವೈದ್ಯರ ಮಾತಿಗೆ ಬರೋಣ. ಡಾ. ಸುಬ್ರಹ್ಮಣ್ಯಂ ಜೇನನ್ನೂ ಈ ಆಪರೇಷನ್ನನ್ನೂ ಪಕ್ಕ ಪಕ್ಕ ಇಟ್ಟು ಪರೀಕ್ಷೆ ಮಾಡಿದರು. 50 ಜನ ರೋಗಿಗಳು. 25 ಜನರಿಗೆ ಬೇಗನೆ ಆಪರೇಷನ್. 25 ಜನರಿಗೆ ಜೇನಿನ ಪಟ್ಟಿ, ಬೇಕಾದವರಿಗೆ ಆಮೇಲೆ ಚರ್ಮ. ಯಾರಿಗೆ ಯಾವುದು ಎಂಬುದನ್ನು ವೈದ್ಯರು ತಮಗೆ ಬೇಕಾದಂತೆ ಆರಿಸುವಂತಿಲ್ಲ. ಚೀಟಿ ಎತ್ತಿದ ಹಾಗೆ ತೀರ್ಮಾನ ಆಗಬೇಕು. ಇಲ್ಲದಿದ್ದರೆ ಕಡಿಮೆ ಸುಟ್ಟವರನ್ನೆಲ್ಲ ಒಂದೇ ಕಡೆ ಹಾಕಿ, "ನನ್ನ ಮದ್ದು ಗೆದ್ದಿತು" ಎನ್ನಬಹುದು.

ಈ ಸಲ ಜೇನು ಸೋತಿತು. ಬೇಗ ಆಪರೇಷನ್ ಆದವರಿಗೆ ರಕ್ತ ಹೆಚ್ಚು ಬೇಕಾಯಿತು. ಆದರೆ ಅವರು ಬೇಗ ಮನೆಗೆ ಹೋದರು. ಹೊದಿಸಿದ ಚರ್ಮ ಚೆನ್ನಾಗಿ ಹತ್ತಿತು. ಮೂರು ತಿಂಗಳ ನಂತರ ನೋಡಿದಾಗ ಸುಟ್ಟ ಭಾಗದ ರೂಪವೂ ಚಲನೆಯೂ ಅವರಲ್ಲೇ ಹೆಚ್ಚು ಚೆನ್ನಾಗಿತ್ತು. 1999ರಲ್ಲಿ ಡಾಕ್ಟರು ಇದನ್ನೂ ಪತ್ರಿಕೆಯಲ್ಲಿ ಬರೆದರು. ಜೇನಿನಿಂದ ಹೆಸರಾದವರೇ "ಜೇನಿಗಿಂತ ಆಪರೇಷನ್ ಮೇಲು" ಎಂದು ಬರೆದರು.

ಸಂಶೋಧನೆ ಎಂದರೆ ಇದೇ. ನಾವು ನಂಬಿದ್ದನ್ನೇ ಪರೀಕ್ಷೆಗೆ ಒಡ್ಡಬೇಕು. ಫಲ ಏನೇ ಬಂದರೂ ಮುಚ್ಚಿಡದೆ ಹೇಳಬೇಕು.

ಚರ್ಮ ನೆಡುವುದು ಹೇಗೆ?

ಇಂಥ ಕೆಲಸಕ್ಕೆ ಪ್ಲಾಸ್ಟಿಕ್ ಸರ್ಜರಿ ಎನ್ನುತ್ತಾರೆ. ಇಲ್ಲಿ ಪ್ಲಾಸ್ಟಿಕ್ ಎಂದರೆ ಕೊಡ, ಬಕೆಟ್ಟಿನ ಪ್ಲಾಸ್ಟಿಕ್ ಅಲ್ಲ. ಅದು ಗ್ರೀಕ್ ಭಾಷೆಯಿಂದ ಬಂದ ಮಾತು. ರೂಪ ಕೊಡುವುದು ಎಂದು ಅರ್ಥ. ಕುಂಬಾರ ಮಣ್ಣಿಗೆ ರೂಪ ಕೊಡುವುದಿಲ್ಲವೇ? ಹಾಗೆ.

ಮೊದಲು ಅರಿವಳಿಕೆ ಕೊಡುತ್ತಾರೆ. ತೊಡೆಯಿಂದ ಉಳ್ಳಾಗಡ್ಡಿಯ ಒಳ ಪೊರೆಯಂಥ ತೆಳು ಚರ್ಮ ತೆಗೆಯುತ್ತಾರೆ. ಗಾಯದ ಮೇಲೆ ಹೊದಿಸುತ್ತಾರೆ. ಚರ್ಮ ಸಾಲದಿದ್ದರೆ ಅದರಲ್ಲಿ ಸಣ್ಣ ಸಣ್ಣ ಸೀಳು ಮಾಡುತ್ತಾರೆ. ಆಗ ಅದು ಬಲೆಯಂತೆ ಹಿಗ್ಗುತ್ತದೆ. ಕಿತ್ತು ನೆಟ್ಟ ಮೆಣಸಿನ ಸಸಿ ಹೊಸ ಮಣ್ಣಿನಲ್ಲಿ ಬೇರು ಬಿಡುತ್ತದೆ. ಹಾಗೆಯೇ ನಾಲ್ಕೈದು ದಿನಗಳಲ್ಲಿ ಕೆಳಗಿನ ರಕ್ತನಾಳ ಹೊಸ ಚರ್ಮಕ್ಕೆ ಸೇರುತ್ತವೆ. ಚರ್ಮ ಹತ್ತಿಕೊಳ್ಳುತ್ತದೆ. ತೊಡೆಯ ಗಾಯ ಸುಮಾರು ಎರಡು ವಾರದಲ್ಲಿ ಮಾಯುತ್ತದೆ.

ಮೈ ಬಹಳ ಸುಟ್ಟಿದ್ದರೆ ತೆಗೆಯಲು ಒಳ್ಳೆಯ ಚರ್ಮವೇ ಇರುವುದಿಲ್ಲ. ಆಗ ತೀರಿಕೊಂಡವರು ದಾನ ಮಾಡಿದ ಚರ್ಮ ಬಳಸುತ್ತಾರೆ. ಅದು ಕೆಲವು ವಾರ ಮಾತ್ರ ನಿಲ್ಲುತ್ತದೆ. ಅಷ್ಟರಲ್ಲಿ ರೋಗಿ ಚೇತರಿಸಿಕೊಳ್ಳುತ್ತಾರೆ. ಸತ್ತ ಆರು ತಾಸಿನ ಒಳಗೆ ಚರ್ಮ ತೆಗೆಯಬೇಕು. ತೊಡೆ ಮತ್ತು ಬೆನ್ನಿನ ತೆಳು ಪದರ ಮಾತ್ರ ತೆಗೆಯುತ್ತಾರೆ. ಮುಖಕ್ಕೆ ಏನೂ ಆಗುವುದಿಲ್ಲ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಇಂಥ ಚರ್ಮ ಬ್ಯಾಂಕು ಇದೆ.

ಚರ್ಮವನ್ನು ಪೂರ್ತಿ ಬಿಡಿಸದೆ ಪಕ್ಕಕ್ಕೆ ಹೊರಳಿಸುವ ರೀತಿಯೂ ಇದೆ. ಇದು ನಮ್ಮ ದೇಶದ ಹಳೆಯ ವಿದ್ಯೆ. 1792ರ ಯುದ್ಧದ ಕಾಲ. ಕವಾಸ್‌ಜಿ ಎಂಬ ಎತ್ತಿನ ಗಾಡಿಯವ ಇಂಗ್ಲಿಷರ ದಂಡಿನಲ್ಲಿದ್ದ. ಟಿಪ್ಪು ಸುಲ್ತಾನನ ಸೈನಿಕರಿಗೆ ಸೆರೆ ಸಿಕ್ಕ. ಅವನ ಮೂಗು ಮತ್ತು ಒಂದು ಕೈ ಕತ್ತರಿಸಿದರು. ಸುಮಾರು ಒಂದು ವರ್ಷ ಅವನು ಮೂಗಿಲ್ಲದೆ ಇದ್ದ. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಮನುಷ್ಯ ಅವನಿಗೆ ಹೊಸ ಮೂಗು ಮಾಡಿದ. ಮೇಣದಿಂದ ಮೂಗಿನ ಅಳತೆ ತೆಗೆದ. ಅಷ್ಟೇ ಚರ್ಮವನ್ನು ಹಣೆಯಿಂದ ಬಿಡಿಸಿದ. ಹುಬ್ಬಿನ ನಡುವೆ ಒಂದು ಎಳೆ ಉಳಿಸಿ ಕೆಳಗೆ ಹೊರಳಿಸಿದ. ಆ ಎಳೆಯಿಂದ ರಕ್ತ ಬಂದು ಮೂಗು ಬದುಕಿತು. 1794ರಲ್ಲಿ ಲಂಡನ್ನಿನ ಪತ್ರಿಕೆ ಇದನ್ನು ಚಿತ್ರ ಸಹಿತ ಅಚ್ಚು ಹಾಕಿತು. 1814ರಲ್ಲಿ ಕಾರ್ಪ್ಯೂ ಎಂಬ ಲಂಡನ್ನಿನ ವೈದ್ಯ ಇದೇ ರೀತಿ ಮೂಗು ಮಾಡಿದ. ಇವತ್ತಿಗೂ ಹಣೆಯ ಚರ್ಮದಿಂದ ಮೂಗು ಮಾಡುತ್ತಾರೆ.

ಗಾಯ ಮಾಯ್ದ ಮೇಲೆ

ಗಾಯ ಮಾಯ್ದರೆ ಕೆಲಸ ಮುಗಿಯಲಿಲ್ಲ. ಸುಟ್ಟ ಜಾಗದ ಕಲೆ ತಿಂಗಳುಗಟ್ಟಲೆ ಕುಗ್ಗುತ್ತಲೇ ಇರುತ್ತದೆ. ನೋವು ಎಂದು ನಾವು ಕೈ ಮಡಚಿ ಇಟ್ಟುಕೊಳ್ಳುತ್ತೇವೆ. ಮಡಚಿದ ಹಾಗೆಯೇ ಕಲೆ ಬಿಗಿಯುತ್ತದೆ. ಆದ್ದರಿಂದ:

• ಕುತ್ತಿಗೆ ಸುಟ್ಟಿದ್ದರೆ ತಲೆದಿಂಬು ಇಡಬಾರದು.
• ಬೆರಳು ಸುಟ್ಟಿದ್ದರೆ ಒಂದೊಂದು ಬೆರಳಿಗೂ ಬೇರೆ ಬೇರೆ ಪಟ್ಟಿ ಕಟ್ಟಿಸಬೇಕು.
• ಮೊಳಕೈ, ಮೊಣಕಾಲು ನೆಟ್ಟಗೆ ಇಡಲು ಆಸರೆ ಪಟ್ಟಿ ಕೊಟ್ಟರೆ ಬಿಚ್ಚಿ ಒಗೆಯಬಾರದು.
• ಹೇಳಿಕೊಟ್ಟ ವ್ಯಾಯಾಮ ದಿನಾಲೂ ಮಾಡಬೇಕು. ನೋವಾದರೂ ಬಿಡಬಾರದು.

ಈಗಾಗಲೇ ಬಿಗಿದಿದ್ದರೆ? ಕುಪ್ಪಸ ಬಿಗಿಯಾದರೆ ಹೊಲಿಗೆ ಬಿಚ್ಚುತ್ತೀರಿ. ಒಂದು ತುಂಡು ಬಟ್ಟೆ ಸೇರಿಸುತ್ತೀರಿ. ವೈದ್ಯರೂ ಹಾಗೆಯೇ ಬಿಗಿದ ಕಲೆಯನ್ನು ಬಿಡಿಸುತ್ತಾರೆ. ನಡುವೆ ಚರ್ಮ ಸೇರಿಸುತ್ತಾರೆ. ಸುಟ್ಟು ಹತ್ತು ವರ್ಷ ಆಗಿದ್ದರೂ ಈ ಆಪರೇಷನ್ ಮಾಡಲು ಬರುತ್ತದೆ. ಮೊದಲಿನ ಹಾಗೆ ಪೂರ್ತಿ ಆಗದಿರಬಹುದು. ಆದರೆ ರೊಟ್ಟಿ ಮುರಿದು ತಿನ್ನಲು, ಜಡೆ ಹೆಣೆಯಲು, ಪೆನ್ನು ಹಿಡಿಯಲು ಕೈ ಬಂದರೆ ಅದು ಸಣ್ಣ ಮಾತೇ? ಮೊದಲು ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ. ದೊಡ್ಡ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಆಯುಷ್ಮಾನ್ ಕಾರ್ಡಿನಲ್ಲಿ ಖರ್ಚು ಸಿಗುತ್ತದೆಯೇ ಎಂದು ಅಲ್ಲೇ ಕೇಳಿ.

ಬೆಂಕಿಯನ್ನು ಯಾರಾದರೂ ಹಚ್ಚಿದ್ದರೆ ಆ ನಿಜ ಹೇಳುವ ಹಕ್ಕು ನಿಮಗಿದೆ. ಮನೆಯವರ ಮುಂದೆ ಹೇಳಲು ಹೆದರಿಕೆಯಾದರೆ, ಅವರನ್ನು ಹೊರಗೆ ಕಳಿಸಿ ಎಂದು ವೈದ್ಯರಿಗೆ ಹೇಳಿ. ಮಹಿಳಾ ಸಹಾಯವಾಣಿ ನಂಬರು 181. ಆಸಿಡ್ ದಾಳಿ ಆದವರಿಗೆ ಸರಕಾರಿ ಆಸ್ಪತ್ರೆ ಇರಲಿ, ಖಾಸಗಿ ಆಸ್ಪತ್ರೆ ಇರಲಿ, ಬಿಟ್ಟಿಯಾಗಿ ಚಿಕಿತ್ಸೆ ಕೊಡಲೇಬೇಕು. 2013ರಿಂದ ಇದು ಕಾನೂನು.

ಹೆಬ್ಬೆಟ್ಟು ಒತ್ತುವ ಮೊದಲು

ಆ 104 ಜನ, ಆ 50 ಜನ ನಮ್ಮಂಥವರೇ. ಅವರ ಗಾಯದಿಂದ ವೈದ್ಯರು ಕಲಿತರು. ನಾಳೆ ನಮ್ಮನ್ನೂ ಕೇಳಬಹುದು: "ಹೊಸ ಚಿಕಿತ್ಸೆಯ ಪರೀಕ್ಷೆ ನಡೆದಿದೆ. ಸೇರುತ್ತೀರಾ?"

ಆಗ ಒಂದು ಕಾಗದ ಕೊಡುತ್ತಾರೆ. ಅದಕ್ಕೆ ಒಪ್ಪಿಗೆ ಪತ್ರ ಎನ್ನುತ್ತಾರೆ. ಅದು ನಿಮಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಏನು ಮಾಡುತ್ತಾರೆ, ಏನು ಲಾಭ, ಏನು ಅಪಾಯ, ಎಲ್ಲ ಅದರಲ್ಲಿ ಬರೆದಿರಬೇಕು. ಒಲ್ಲೆ ಎನ್ನಬಹುದು. ಒಪ್ಪಿದ ಮೇಲೂ ನಡುವೆ ಬಿಡಬಹುದು. ಬಿಟ್ಟರೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಓದಲು ಬಾರದವರಾದರೆ, ಪರೀಕ್ಷೆಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿಯ ಮುಂದೆ ಓದಿ ಹೇಳಬೇಕು.

ನಿಮಗೆ ಈಗ ಓದಲು ಬರುತ್ತದೆ. "ಎಲ್ಲಿ ಒತ್ತಬೇಕ್ರಿ ಹೆಬ್ಬೆಟ್ಟು?" ಎಂದು ಕೇಳಬೇಡಿ. "ಕೊಡ್ರಿ, ಮೊದಲ ಓದ್ತೀನಿ" ಎನ್ನಿ. ತಿಳಿಯದ ಮಾತು ಬಂದರೆ ಬೆರಳಿಟ್ಟು ಕೇಳಿ. ತಿಳಿದು ಒಪ್ಪಿಗೆಯಾದರೆ ಮಾತ್ರ ನಿಮ್ಮ ಕೈಯಿಂದ ನಿಮ್ಮ ಹೆಸರು ಬರೆಯಿರಿ.

ಹೊಸ ಮಾತುಗಳು

ಅರಿವಳಿಕೆ – ನೋವು ತಿಳಿಯದಂತೆ ಕೊಡುವ ಮದ್ದು
ರೋಗಾಣು – ಕಣ್ಣಿಗೆ ಕಾಣದ, ರೋಗ ತರುವ ಸಣ್ಣ ಜೀವಿ
ಸಂಶೋಧನೆ – ಪರೀಕ್ಷೆ ಮಾಡಿ ಹೊಸ ವಿಷಯ ತಿಳಿಯುವುದು
ಒಪ್ಪಿಗೆ ಪತ್ರ – ತಿಳಿದು ಒಪ್ಪಿದ್ದೇನೆ ಎಂದು ಸಹಿ ಮಾಡುವ ಕಾಗದ

ಉತ್ತರ ಹೇಳಿ

1. ಸುಟ್ಟ ಜಾಗಕ್ಕೆ ಎಷ್ಟು ನಿಮಿಷ ನೀರು ಹಾಕಬೇಕು?
2. ನೋವಿಲ್ಲದ ಸುಟ್ಟ ಗಾಯ ಏಕೆ ಹೆಚ್ಚು ಕೆಟ್ಟದ್ದು?
3. ಬಳೆ, ಉಂಗುರ ಏಕೆ ತೆಗೆಯಬೇಕು?
4. ಜೇನು ಯಾವ ಗಾಯಕ್ಕೆ ಗೆದ್ದಿತು? ಯಾವ ಪರೀಕ್ಷೆಯಲ್ಲಿ ಸೋತಿತು?

ಕೂಡಿ ಮಾತಾಡಿ

ನಿಮ್ಮ ಓಣಿಯಲ್ಲಿ ಸುಟ್ಟು ಕೈ, ಕುತ್ತಿಗೆ ಬಿಗಿದವರು ಇದ್ದಾರೆಯೇ? ಅವರ ಮನೆಗೆ ಹೋಗಿ. ಪಕ್ಕದಲ್ಲಿ ಕುಳಿತು ಈ ಪಾಠ ಓದಿ ಹೇಳಿ. ಆಸ್ಪತ್ರೆಗೆ ಜೊತೆಗೆ ಯಾರು ಹೋಗುತ್ತೀರಿ ಎಂದು ಅಲ್ಲೇ ಮಾತಾಡಿಕೊಳ್ಳಿ.